ಹೆಚ್ಚಾದ ಬೆಣ್ಣೆ

ನಾನು ಯಾರನ್ನೂ ಬೇಗ ನಂಬುವವಳಲ್ಲ. ಈಗಲೂ ಅಷ್ಟೇ. ಆದರೆ ಅಫಜಲಪುರದ ಹತ್ತಿರದ ಆ ಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ನಲವತ್ತೇಳನೆಯ ಇಸವಿ ಮುಗಿದು ನಲವತ್ತೆಂಟು ಹಿಡಿದಾಗ, ಇಡೀ ಊರೇ ನನ್ನ ಹಾಗಿತ್ತು. ಭೀಮೆಯ ಆಚೆ ಸ್ವಾತಂತ್ರ್ಯ ಬಂದಿದೆ ಎನ್ನುತ್ತಿದ್ದರು. ಈಚೆ ಇನ್ನೂ ಹಳೆಯ ದೊರೆಯದೇ ಆಳ್ವಿಕೆ, ನಮ್ಮ ಮನೆಗೆ ಬರುತ್ತಿದ್ದವರು ಅವನ ಪಾಲಿನ ಲೆವಿ ಜೋಳ ಅಳೆಯುವವರು. ಯಾರ ಹಗೇವಿನಲ್ಲಿ ಎಷ್ಟು ಜೋಳ, ಯಾರ ಮನೆಯಲ್ಲಿ ಎಷ್ಟು ತುಪ್ಪ ಎಂಬ ಸುದ್ದಿ ಹೇಗೋ ಹೊರಗೆ ಹೋಗುತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಮಾತು ಶುರು ಮಾಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು.

ಆ ಚಳಿಗಾಲದಲ್ಲಿ ನನ್ನ ತವರಿನಿಂದ ಬಂದ ಆಕಳು ಈಯಿತು. ಕಿಣ್ಣಿ ಸುಲ್ತಾನದಲ್ಲಿ ನನ್ನ ಅವ್ವ ಅದಕ್ಕೆ ಗಬ್ಬವಿದ್ದಷ್ಟು ದಿನವೂ ಕುಸುಬೆ ಹಿಂಡಿ ತಿನ್ನಿಸಿ, ಬೆನ್ನುಮೂಳೆ ಕಾಣದಂತೆ ಸಾಕಿ ಕಳಿಸಿದ್ದಳು. ನಮ್ಮಲ್ಲಿ ಹಿಂಡಿ ಎಲ್ಲಿಂದ ತರುವುದು? ಆಳಂದದ ಸಂತೆಗೆ ಗಾಡಿ ಹೋಗುವುದೇ ನಿಂತಿತ್ತು. ಜೋಳದ ದಂಟಿನ ಒಣ ಕಣಿಕೆ ಹಾಕಿದೆವು. ಆದರೂ ಹಾಲಿನ ಮೇಲೆ ರೊಟ್ಟಿಯಷ್ಟು ದಪ್ಪ ಕೆನೆ! ಕಡೆದರೆ ದಿನದಿಂದ ದಿನಕ್ಕೆ ಬೆಣ್ಣೆ ಹೆಚ್ಚುತ್ತಿತ್ತು. ಅತ್ತೆ ಮುದ್ದೆಯನ್ನು ಅಂಗೈಯಲ್ಲಿ ತಿರುಗಿಸಿ, "ಆಕಳಂದ್ರ ಇದು ನೋಡವಾ" ಎಂದರೆ ನಾನು ಉಬ್ಬಿಹೋಗುತ್ತಿದ್ದೆ. ಬಂದ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಆಕಳೊಂದೇ. ಅದು ಬಾಳಿದರೆ ನನಗೂ ಅಲ್ಲಿ ಬೆಲೆ.

ಎದುರು ಮನೆಯ ಮುದುಕಿ ದಿನವೂ ಮಜ್ಜಿಗೆಗೆ ಬರುತ್ತಿದ್ದಳು. ಮಜ್ಜಿಗೆಗೆ ಬಂದವರಿಗೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಅವಳು ಆರು ತಿಂಗಳ ಹಿಂದೆ ಜೇವರ್ಗಿ ಕಡೆಯಿಂದ ಒಬ್ಬಳೇ ಬಂದವಳು. ಅಲ್ಲಿ ಯಾವುದೋ ದೊಡ್ಡವರ ವಾಡೆಯಲ್ಲಿ ದನ ನೋಡಿಕೊಂಡಿದ್ದಳಂತೆ. ಎಲ್ಲರೂ ಆಯಿ ಎನ್ನುತ್ತಿದ್ದರು. ವಾಡೆಯಲ್ಲಿದ್ದವಳು ನಮ್ಮ ಓಣಿಗೆ ಯಾಕೆ ಬಂದಳು, ಯಾರು ಕಳಿಸಿದರು ಎಂದು ನನಗೆ ಮೊದಲೇ ಗುಮಾನಿ. ಅದರ ಮೇಲೆ ತಂಬಿಗೆ ಚಾಚುವ ಮೊದಲು ಅವಳು ಕೇಳುತ್ತಿದ್ದದ್ದು ಒಂದೇ ಮಾತು.

"ಇವತ್ತ ಬೆಣ್ಣಿ ಎಷ್ಟ ಬಂತ, ತಂಗಿ?"

ಮಜ್ಜಿಗೆಗೆ ಬಂದವಳಿಗೆ ಬೆಣ್ಣೆಯ ಉಸಾಬರಿ ಯಾಕೆ? ನಾನು ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಅವಳೇ ಕಡಗೋಲಿನ ಹತ್ತಿರದ ಮುದ್ದೆ ನೋಡಿದಳು, ಆಮೇಲೆ ಕೊಟ್ಟಿಗೆಯತ್ತ ಕತ್ತು ಚಾಚಿ ಆಕಳನ್ನು ನೋಡಿದಳು.

"ಹಿಂಡಿ ಇಲ್ಲ, ಹಸಿ ಮೇವಿಲ್ಲ, ಬೆಣ್ಣಿ ಮಾತ್ರ ಹೆಚ್ಚಾಗಾಕತ್ತದ. ಇದು ಚಲೋ ಅಲ್ಲ. ಹಾಲು ಹೊಟ್ಟಿಯಿಂದ ಬರಬೇಕು, ಬೆನ್ನಿಂದ ಅಲ್ಲ."

ನನಗೆ ಮೈಯೆಲ್ಲ ಉರಿಯಿತು. ಎಂಥ ಕಣ್ಣು, ಎಂಥ ನಾಲಿಗೆ! ಅಂದೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮರುದಿನದಿಂದ ಒಳಕೋಣೆಯ ಬಾಗಿಲು ಹಾಕಿಕೊಂಡು ಕಡೆಯತೊಡಗಿದೆ. ಮಜ್ಜಿಗೆಯನ್ನು ಹೊಸ್ತಿಲಲ್ಲೇ ಸುರಿದು, ಕೊಟ್ಟಿಗೆ ಅವಳ ಕಣ್ಣಿಗೆ ಬೀಳದಂತೆ ಅಡ್ಡ ನಿಲ್ಲುತ್ತಿದ್ದೆ.

ವಾರದೊಳಗೆ ಆಕಳ ಪಕ್ಕೆಲುಬು ಎದ್ದವು. ಮೇವಿಗೆ ಮೂತಿ ಇಟ್ಟು ಹಾಗೇ ಬಿಡುತ್ತಿತ್ತು. ಉಸಿರು ಅತಿಯಾಗಿ ಕಳಿತ ಹಣ್ಣಿನಂತೆ ನಾರುತ್ತಿತ್ತು. ನನಗೆ ಇನ್ನು ಸಾಕ್ಷಿ ಬೇಕೆ? ಮುದುಕಿಯ ಕಣ್ಣು ತಾಗಿದೆ, ಮುಗಿಯಿತು.

ಅಷ್ಟರಲ್ಲಿ ಒಂದು ಮುಂಜಾನೆ ಹೊಸ್ತಿಲ ಮೇಲೆ ಅರಿವೆಯ ಗಂಟೊಂದು ಕಂಡಿತು. ಬಿಚ್ಚಿದರೆ ಮುಷ್ಟಿಗಾತ್ರದ ಬೆಲ್ಲ. ಆ ಅರಿವೆ ಎದುರು ಮನೆಯ ಮುದುಕಿಯ ಹಳೆಯ ಸೀರೆಯದು. ನನಗೂ ಅತ್ತೆಗೂ ಗುರುತು ಸಿಕ್ಕಿತು. ಬೆಲ್ಲ ಕಣ್ಣಿಗೆ ಬೀಳದ ದಿನಗಳಲ್ಲಿ ಬೆಲ್ಲವನ್ನು ಹೊಸ್ತಿಲಲ್ಲಿ ಬಿಟ್ಟು ಹೋಗುವವರು ಯಾರು?

"ಮಾಟಾ ಮಾಡ್ಯಾಳ. ಮುಟ್ಟಬ್ಯಾಡ ಬೇ!" ಎಂದರು ಅತ್ತೆ.

ನಾನು ಅದನ್ನು ಕೋಲಿನಿಂದ ತಳ್ಳಿಕೊಂಡು ಹೋಗಿ ತಿಪ್ಪೆಗೆ ಬಿಸುಟೆ. ಅವಳು ತನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನೋಡಲಿ ಎಂದೇ ಬಿಸುಟೆ.

ಎರಡು ದಿನಕ್ಕೆ ಆಕಳು ಮೇಲೇಳಲಿಲ್ಲ. ನನ್ನ ಗಂಡ ಅಫಜಲಪುರಕ್ಕೆ ಹೋಗಿ ದನಕ್ಕೆ ಔಷಧ ಕೊಡುವವನೊಬ್ಬನನ್ನು ಕರೆತಂದರು. ಅವನು ಕಣ್ಣು ನೋಡಲಿಲ್ಲ, ಕೊಂಬು ನೋಡಲಿಲ್ಲ, ಬಾಯಿಯ ಹತ್ತಿರ ಮೂಗು ತಂದು ಮೂಸಿದ.

"ಈದ ಮ್ಯಾಲ ಬೆಣ್ಣಿ ಭಾಳ ಬಂತೇನ್ರಿ?"

"ಹೌದ್ರಿ, ಭಾಳ!" ಅತ್ತೆಯ ದನಿಯಲ್ಲಿ ಆಗಲೂ ಹೆಮ್ಮೆಯಿತ್ತು.

"ಅದೇ ನೋಡ್ರಿ. ಹೊಟ್ಟಿಗಿ ಸಾಲಲಿಲ್ಲ, ಮೈಯಾಗಿನ ಕೊಬ್ಬು ಕರಗಿಸಿ ಹಾಲಿಗಿ ಹಾಕ್ಯಾದ. ನೀವು ಆಕಳಾನ ಕಡದು ಬೆಣ್ಣಿ ತಗದೀರಿ. ಹಾಲು ಅರ್ಧಾ ಹಿಂಡ್ರಿ, ಹಸಿ ಮೇವು ಹುಡುಕ್ರಿ. ಮೊದಲ ಬೆಲ್ಲಾ ಕರಗಿಸಿ ಕುಡಸ್ರಿ."

ಬೆಲ್ಲ! ನಾನು ತಿಪ್ಪೆಗೆ ಓಡಿದೆ. ಎರಡೂ ಕೈಯಿಂದ ಸಗಣಿ ಕೆದರಿದೆ. ಅರಿವೆ ಸಿಕ್ಕಿತು, ಅದರ ತುಂಬ ಇರುವೆ. ಕೈ ತೊಳೆಯದೆ ಹಾಗೇ ಎದುರು ಮನೆಯ ಬಾಗಿಲಿಗೆ ಹೋಗಿ ನಿಂತೆ. ಮುದುಕಿ ನನ್ನ ಕೈ ನೋಡಿದಳು. ಒಳಗೆ ಹೋಗಿ ಗಡಿಗೆಯ ತಳದಿಂದ ಉಳಿದ ಬೆಲ್ಲವನ್ನೆಲ್ಲ ಕೆರೆದು ತಂದಳು.

"ಆಕಳಿಗಿ ಕೊಡಾಕತ್ತೇನಿ," ಎಂದಳು. "ನಿನಗಲ್ಲ."

ನಾಲ್ಕನೆಯ ದಿನ ಆಕಳು ಎದ್ದು ನಿಂತಿತು. ಕೊಟ್ಟಿಗೆಯಲ್ಲಿ ಅದರ ಕುತ್ತಿಗೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮೇವು ತಿನ್ನತೊಡಗಿದ ಮೇಲೆ ಕೆನೆ ತೆಳುವಾಯಿತು, ಬೆಣ್ಣೆ ಲಿಂಬೆಹಣ್ಣಿನಷ್ಟಕ್ಕೆ ಇಳಿಯಿತು. ಅಷ್ಟು ಸಣ್ಣ ಬೆಣ್ಣೆ ನೋಡಿ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಮುದುಕಿ ಮಾತ್ರ ಮಜ್ಜಿಗೆಗೆ ಬರಲಿಲ್ಲ. ನಾಲ್ಕು ದಿನ ಕಾದು, ನಾನೇ ತಂಬಿಗೆ ತುಂಬಿಕೊಂಡು ಹೋದೆ. ಕಟ್ಟೆಯ ಮೇಲಿಟ್ಟು, ಅವಳು ಕೇಳುವ ಮೊದಲೇ ಹೇಳಿದೆ.

"ಇವತ್ತ ಬೆಣ್ಣಿ ಲಿಂಬಿಹಣ್ಣಿನಷ್ಟ ಬಂತ, ಆಯಿ."

"ನಿಮ್ಮ ಮನಿ ಬೆಣ್ಣಿ ನನಗ್ಯಾಕ ಹೇಳತಿ, ತಂಗಿ?" ಎಂದು ಅವಳು ತಂಬಿಗೆಯನ್ನು ನನ್ನತ್ತ ಸರಿಸಿದಳು. ತುಂಬಿದ ತಂಬಿಗೆ ಹಿಡಿದುಕೊಂಡು ನಾನು ಓಣಿ ದಾಟಿದೆ.