ಮೂವತ್ತೆರಡು ಸಹಿಗಳ ಕಾಗದ

ಇದು ಮೂರು ವರ್ಷದ ಹಿಂದಿನ ಮಾತು, ದ್ರಾಕ್ಷಿ ಕಟಾವಿನ ಹಂಗಾಮು. ವಿಜಯಪುರದ ಜೋರಾಪುರ ಪೇಟೆಯಲ್ಲಿ ನನ್ನ ವಕೀಲಿ ಕಚೇರಿ. ಆಸ್ತಿ ಕೊಳ್ಳುವವರ ಕಾಗದಪತ್ರ ತಪಾಸಣೆ ಮಾಡಿ ಸರ್ಚ್ ರಿಪೋರ್ಟ್ ಕೊಡುವುದು, ಖರೀದಿ ಪತ್ರ ಬರೆಯುವುದು, ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕಣ್ಣು ಮಂಜಾಗಿದೆ, ಸಿಟ್ಟು ಮಾತ್ರ ಹಾಗೇ ಇದೆ.

ಆ ದಿನ ಬೆಳಿಗ್ಗೆ ಎಂಟಕ್ಕೆ ಹೊನವಾಡದ ಮಹಾದೇವಿ ಮೊದಲ ಬಸ್ಸಿಗೇ ಬಂದು ಕುಳಿತಿದ್ದಳು. ಮಧ್ಯಾಹ್ನ ಮೂರಕ್ಕೆ ನೋಂದಣಿ ಕಚೇರಿಯಲ್ಲಿ ಅವರ ಮನೆತನದ ದ್ರಾಕ್ಷಿ ಪಡ, ಎಂದರೆ ತೋಟ, ಮಾರಾಟವಾಗಬೇಕು. ಪತ್ರ ನಾನು ಬರೆದುಕೊಡಬೇಕು. ಆಕೆಯ ತಮ್ಮ ಶಿವಾನಂದ ಚಾಟನಿಯಲ್ಲಿ, ಎಂದರೆ ಬಳ್ಳಿ ಸವರುವುದರಲ್ಲಿ, ಪಳಗಿದ ಕೈ. ನಾಲ್ಕು ವರ್ಷದಿಂದ ಮೆಕ್ಸಿಕೋದ ಸೋನೋರಾ ರಾಜ್ಯದ ದ್ರಾಕ್ಷಿ ತೋಟವೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಸಮುದ್ರದ ದಂಡೆಗೆ ಒಂದು ಮನೆ ಕೊಳ್ಳಲು ಹೊರಟಿದ್ದ. ಅಲ್ಲಿ ಬೆಳಗಾದರೆ ಅವನ ಸಹಿ, ಅದಕ್ಕೆ ಇಲ್ಲಿ ಪಡದ ಮಾರಾಟ.

ಆಕೆ ಅಭಿಮಾನದಿಂದ ಫೋನಿನಲ್ಲಿ ಆ ಮನೆಯ ಕಾಗದ ತೋರಿಸಿದಳು. “ನೋಡ್ರಿ ಅಕ್ಕಾರ, ಊರ ಹಿರ್ಯಾರು ಎಲ್ಲಾರೂ ಸಹಿ ಮಾಡ್ಯಾರ, ಸಿಕ್ಕಾನೂ ಒತ್ಯಾರ. ಇನ್ನೇನ್ ಬೇಕ್ರಿ?”

ಎಣಿಸಿದೆ. ಮೂವತ್ತೆರಡು ಸಹಿ. ಮತ್ತೊಮ್ಮೆ ಎಣಿಸಿದೆ.

ಯಾಕೆಂದು ಹೇಳುತ್ತೇನೆ. ವಕೀಲಿಯ ಮೊದಲ ವರ್ಷಗಳಲ್ಲಿ ತಿಕೋಟಾ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮಾಸ್ತರರು ಜಾಗ ಕೊಂಡರು. ಊರ ಪಂಚರೆಲ್ಲ ಸಾಕ್ಷಿ ಹಾಕಿದ್ದರು. ನಾನೂ ಹದಿಮೂರು ವರ್ಷದ ದಾಖಲೆಯಷ್ಟೇ ನೋಡಿ ಸರಿ ಎಂದು ಬರೆದೆ. ಅದು ಭೂಮಿಯಿಲ್ಲದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ, ಮಾರಬಾರದ ಜಮೀನು. ಷರತ್ತು ಹಳೆಯ ಕಡತದಲ್ಲಿತ್ತು. ಆ ಕುಟುಂಬ ತನ್ನ ಹಕ್ಕು ಕೇಳಿ ಗೆದ್ದಿತು, ಅದು ನ್ಯಾಯವೇ. ಮಾಸ್ತರರು ತಾವು ಕಟ್ಟಿಸಿದ ಮನೆ ಬಿಟ್ಟು ಬಂದ ದಿನ ನನ್ನ ಮೇಜಿನ ಮೇಲೆ ಕೀಲಿಕೈ ಇಟ್ಟರು. “ಇದು ನಿಮ್ಮ ಹತ್ರನ ಇರ್ಲಿ ಬಾಯಾರ” ಎಂದರು, ಅಷ್ಟೇ. ಅದಿನ್ನೂ ನನ್ನ ಡ್ರಾವರಿನಲ್ಲಿದೆ.

ಒಬ್ಬನೇ ಮಾಲೀಕನ ಜಾಗವಾದರೆ ಊರೆಲ್ಲ ಯಾಕೆ ಸಹಿ ಮಾಡಬೇಕು? ಕಾಗದದ ಜೊತೆಗಿದ್ದ ಇಂಗ್ಲಿಷ್ ಅನುವಾದದಲ್ಲಿ ಒಂದು ಪದವನ್ನು ಹಾಗೇ ಬಿಟ್ಟಿದ್ದರು: ಎಹಿದೊ. ಫೋನಿನಲ್ಲಿ ಹುಡುಕಿದೆ. ಊರಿನ ರೈತರ ಸಮುದಾಯಕ್ಕೆ ಸೇರಿದ ಭೂಮಿ. ಊರ ಸಭೆ ಒಪ್ಪಿ, ಅದು ಖಾಸಗಿ ಆಸ್ತಿಯಾಗಿ ದಾಖಲಾಗುವ ತನಕ ವಿದೇಶಿಯರಿಗೆ ಅದರ ಒಡೆತನ ಸಿಗದು. ಖಾಸಗಿಯಾದರೂ, ಸಮುದ್ರದಿಂದ ಐವತ್ತು ಕಿಲೋಮೀಟರ್ ಒಳಗೆ ವಿದೇಶಿಯರು ಸ್ವಂತ ಹೆಸರಿನಲ್ಲಿ ಕೊಳ್ಳುವಂತಿಲ್ಲ, ಬ್ಯಾಂಕಿನ ಟ್ರಸ್ಟ್ ಮೂಲಕವೇ ಆಗಬೇಕು.

ಶಿವಾನಂದನಿಗೆ ಫೋನ್ ಹಚ್ಚಿಸಿದೆ. ಅಲ್ಲಿ ಹಿಂದಿನ ದಿನದ ಸಂಜೆ.

“ಟ್ರಸ್ಟ್ ಗಿಸ್ಟ್ ಯಾಕ್ರಿ? ನಮ್ಮ ಮುಕಾದಮನ ಹೆಸರಿಲೆ ಮಾಡ್ತೀವ್ರಿ. ನಮ್ಮ ಕಡೆನೂ ಹಿಂಗ ಮಾಡ್ತಿದ್ರಲ್ರಿ” ಎಂದ. ಮುಕಾದಮ ಎಂದರೆ ಅವನ ಮೇಲಿನ ಮೇಸ್ತ್ರಿ, ಈ ಮನೆ ಕೊಡಿಸುತ್ತಿದ್ದವನೂ ಅವನೇ. ನಮ್ಮಲ್ಲಿ ರೈತರಲ್ಲದವರು ಬೇರೆಯವರ ಹೆಸರಿನಲ್ಲಿ ಹೊಲ ಹಿಡಿಯುತ್ತಿದ್ದ ಹಳೆಯ ಚಾಳಿಯನ್ನು ಅಲ್ಲಿಗೂ ಒಯ್ದಿದ್ದ ಪುಣ್ಯಾತ್ಮ.

ನನಗೆ ಆ ದೇಶದ ಕಾನೂನು ಗೊತ್ತಿಲ್ಲ, ತಪ್ಪು ಹೇಳಿ ಅವನ ಮನೆ ಕೆಡಿಸಿದರೆ ಎಂಬ ಅಂಜಿಕೆ ಬೇರೆ. ಅದಕ್ಕೆ ಅವನಿಂದ ಮುಕಾದಮನಿಗೆ ಒಂದೇ ಕೇಳಿಸಿದೆ: ಮಾರುವವರು ನೋಟರಿಯ ಮುಂದೆ ಬರುತ್ತಾರೇನು? ಅಲ್ಲಿ ನೋಟರಿ ಎಂದರೆ ನಮ್ಮ ಕೋರ್ಟಿನ ಮುಂದೆ ಕುರ್ಚಿ ಹಾಕಿಕೊಂಡು ಸಿಕ್ಕಾ ಒತ್ತುವವರಲ್ಲ. ಒಡೆತನ ಪರಿಶೀಲಿಸಿ ಪತ್ರ ಮಾಡುವ ದೊಡ್ಡ ಅಧಿಕಾರಿ.

ಒಂದು ತಾಸಿನ ನಂತರ ಫೋನ್ ಬಂತು. ದನಿ ಇಳಿದಿತ್ತು.

“ನೋಟರಿ ಅನ್ನೂದಕ್ಕ ಮುಕಾದಮ ಸಿಟ್ಟಾದ್ರಿ. ನಾಳೆ ಸಹಿ ಮಾಡ್ಲಿಲ್ಲಂದ್ರ ಕೆಲಸಕ್ಕ ಬರಬ್ಯಾಡ ಅಂದ. ಈಗ ನನ್ನ ಖೋಲಿ ಮುಂದ ಅವನ ಗಾಡಿ ನಿಂತೈತ್ರಿ. ಒಳಗ ಮೂರು ಮಂದಿ ಅದಾರ. ಇಳಿವಲ್ರು, ಹೋಗವಲ್ರು.”

ಮಹಾದೇವಿ ಫೋನ್ ಕಸಿದುಕೊಂಡಳು. “ಸಹಿ ಮಾಡಿಬಿಡೋ ಯಪ್ಪಾ. ಮನಿ ಹಾಳಾಗಿ ಹೋಗ್ಲಿ, ನೀ ಉಳದ್ರ ಸಾಕು.”

ಕೇಳಿಸಿದ್ದು ನಾನು, ಬಾಗಿಲಿಗೆ ಗಾಡಿ ಬಂದದ್ದು ಅವನಿಗೆ. ಆ ಮೂವರಿಗೆ ಬೇಕಾದದ್ದು ಇವನ ಸಹಿಯಲ್ಲ, ಹೊನವಾಡದ ಪಡದ ರೊಕ್ಕ ಎಂಬುದು ಆಗ ಹೊಳೆಯಿತು.

“ಮಹಾದೇವಿ, ಪಡ ಕೊಳ್ಳುವವರಿಗೆ ಈಗಲೇ ಇಲ್ಲ ಅನ್ನು” ಎಂದೆ.

ಆಕೆ ನನ್ನನ್ನು ನೋಡಿದ ನೋಟ ಮರೆಯಲಾರೆ. “ಅವಂಗೇನರ ಆದ್ರ ನಾ ನಿಮ್ಮನ್ನ ಬಿಡೂದಿಲ್ಲ ನೋಡ್ರಿ” ಎಂದಳು. ಆದರೂ ಫೋನ್ ಮಾಡಿ ವ್ಯವಹಾರ ಮುರಿದಳು. ಆಮೇಲೆ ತಮ್ಮನಿಗೆ: “ಬಾಗ್ಲಾ ತಗೀಬ್ಯಾಡ. ನಮ್ಮಕ್ಕ ಪಡ ಮಾರಿಲ್ಲ, ರೊಕ್ಕ ಬರೂದಿಲ್ಲಂತ ಕಿಡಕ್ಯಾಗಿಂದನ ಹೇಳು.”

ನಲವತ್ತು ನಿಮಿಷ ಸುದ್ದಿಯಿಲ್ಲ. ಕೊನೆಗೆ ಒಂದು ಸಾಲು ಬಂತು: ಗಾಡಿ ಹೋತು.

ಶಿವಾನಂದನ ಕೆಲಸ ಹೋಯಿತು. ನಸುಕಿನ ಬಸ್ಸಿಗೆ ಆ ಊರು ಬಿಟ್ಟ. ಅವನಿಗೆ ಬೇರೆ ಕಡೆ ಕೆಲಸ ಸಿಗುವ ತನಕ ಎರಡು ತಿಂಗಳು ಮಹಾದೇವಿ ನನ್ನ ಫೋನ್ ಎತ್ತಲಿಲ್ಲ. ಬೈದುಕೊಂಡಿರಬೇಕು, ಬೈಯಲಿ.

ಹೋದ ವರ್ಷ ಆಕೆಯೇ ಬಂದು ಒಂದು ಫೋಟೋ ತೋರಿಸಿದಳು. ಹಳೆಯ ಜೊತೆಗಾರನೊಬ್ಬ ಶಿವಾನಂದನಿಗೆ ಕಳಿಸಿದ್ದು. ಅದೇ ಮನೆ. ಇದು ಸಮುದಾಯದ ಜಾಗವೆಂದು ಊರಿನವರು ಬಾಗಿಲಿಗೆ ಸರಪಳಿ ಬಿಗಿದು ಕೀಲಿ ಜಡಿದಿದ್ದಾರೆ. ಹೊರಗೆ ಬಿಸಿಲಲ್ಲಿ ಹಾಸಿಗೆ, ಕುರ್ಚಿ, ಪಾತ್ರೆ. ಶಿವಾನಂದನ ಬದಲು ಕೊಂಡ ವಿದೇಶಿ ಗಂಡಹೆಂಡತಿ ಅವುಗಳ ನಡುವೆ ನಿಂತಿದ್ದಾರೆ. ಆ ಹೆಂಗಸಿನ ಕೈಯಲ್ಲಿ ಒಂದು ಕಾಗದ, ಯಾರಿಗೋ ತೋರಿಸುತ್ತಿದ್ದಾಳೆ. ಅದರ ತುಂಬ ಸಹಿ.

ಕಾಗದದ ಮೇಲೆ ಸಹಿ ಹೆಚ್ಚಿದ್ದಷ್ಟೂ ಮಂದಿಗೆ ಧೈರ್ಯ ಬರುತ್ತದೆ. ಇಷ್ಟು ಸಹಿ ಯಾಕೆ ಬೇಕಾಯಿತು ಎಂದು ಕೇಳುವುದನ್ನು ಈ ವೃತ್ತಿ ನನಗೆ ಕಲಿಸಿತು. ಆದರೆ ಕಲಿತದ್ದಕ್ಕೆ ಹೆಮ್ಮೆಪಡಲು ಮನಸ್ಸಾಗುವುದಿಲ್ಲ. ಮಾಸ್ತರರ ಕೀಲಿಕೈ ಇರುವ ಡ್ರಾವರನ್ನು ಇಂದಿಗೂ ಪ್ರತಿ ಸರ್ಚ್ ರಿಪೋರ್ಟಿಗೆ ಸಹಿ ಮಾಡುವ ಮೊದಲು ಒಮ್ಮೆ ತೆರೆದು ನೋಡುತ್ತೇನೆ.