ಮೂಲೆ ಕತ್ತರಿಸಿದ ಕಾರ್ಡು

ಸಾಕಮ್ಮ, ನಾನು ನಿಮಗೆ ಸುಳ್ಳು ಹೇಳಿದೆ. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ. ಕೆಲಸ ಹೋದ ಮೇಲೂ ಆಸ್ಪತ್ರೆಯಲ್ಲಿ ನಿಮ್ಮ ಇಎಸ್‌ಐ ಕಾರ್ಡು ಜೂನ್ ಮುಗಿಯುವವರೆಗೆ ನಡೆಯುತ್ತಿತ್ತು. ಅವತ್ತು ನೀವು ಹೇಳಿದ್ದೇ ಸರಿ.

ಎರಡು ವರ್ಷದ ಹಿಂದಿನ ಜನವರಿ. ಹಾಸನದ ಹೊರಗಿನ ನಮ್ಮ ಗಾರ್ಮೆಂಟ್ಸ್‌ನಲ್ಲಿ ನೀವು ಹೊಲಿಯುತ್ತಿದ್ದ ಲೈನನ್ನು ಪೂರ್ತಿ ಮುಚ್ಚಿದರು. ಎಚ್‌ಆರ್‌ನಲ್ಲಿ ನನಗೆ ಆರು ತಿಂಗಳ ಸರ್ವೀಸು. ತಲೆಯಲ್ಲಿ ಇನ್ನೂ ಕಾಲೇಜಿನ ಚರ್ಚಾಸ್ಪರ್ಧೆಗಳ ಸೊಕ್ಕು. ಬಿಟ್ಟುಹೋಗುವವರು ಮೇಜಿನ ಮೇಲೆ ನೂಲು ಕತ್ತರಿಸುವ ಟ್ರಿಮ್ಮರ್, ಲಾಕರ್ ಕೀಲಿ, ಐಡಿ ಕಾರ್ಡು ಇಡಬೇಕು. ನಾನು ಐಡಿಯ ಮೂಲೆ ಕತ್ತರಿಸಿ ಡಬ್ಬಕ್ಕೆ ಹಾಕಬೇಕು — ಫ್ಯಾಕ್ಟರಿಯ ಪದ್ಧತಿ. ಆ ಪಟ್ಟಿಯಲ್ಲಿ ಇಎಸ್‌ಐ ಕಾರ್ಡು ಇರಲೇ ಇಲ್ಲ. ಅದು ಇನ್ನೂ ನಡೆಯುತ್ತದೆ ಎಂದು ತಿಳಿಸಿ, ಕಾಗದ ಕೊಟ್ಟು ಕಳಿಸುವುದು ಕಂಪನಿಯ ಹೊಣೆ, ಅಂದರೆ ನನ್ನದು. ಒಬ್ಬೊಬ್ಬರಿಗೂ ಕಾಗದ ಮಾಡುವ ಬೇಸರಕ್ಕೆ ಅದನ್ನೂ ಇಸಿದುಕೊಳ್ಳತೊಡಗಿದೆ. ಯಾರೂ ಹೇಳಿರಲಿಲ್ಲ. ನಾನೇ.

ನೀವು ಮಾತ್ರ ಕೈ ಹಿಂದೆಗೆದಿರಿ. "ಇದ್ನ ಕೊಡಕಿಲ್ಲ ಮೇಡಂ. ನಮ್ ಸಂಬ್ಳದಾಗೇ ಹಿಡ್ಕಂಡವ್ರೆ. ಕೆಲ್ಸ ಓದ್ರೂ ಇನ್ನೊಂದಷ್ಟ್ ತಿಂಗ್ಳು ನಡೀತದಂತೆ. ಮಗಳ ಫಿಟ್ಸ್ ಮಾತ್ರೆ ಇದ್ರಲ್ಲೇ ಬರಾದು."

"ಯಾರು ಹೇಳಿದ್ದು?"

"ಆಸ್ಪತ್ರೆ ನರ್ಸಮ್ಮ."

"ಅವರೇನು ಲಾ ಓದಿದಾರಾ?"

ಸಾಲಿನಲ್ಲಿದ್ದವರು ನಕ್ಕರು. ಆ ನಗು — ಅಷ್ಟೇ ಬೇಕಿತ್ತು ನನಗೆ.

"ಹೌದು, ಇಲ್ಲ, ಅಷ್ಟೇ ಹೇಳಿ. ಇದು ಕೆಲಸಗಾರರ ಕಾರ್ಡು ತಾನೆ?"

"ಔದು."

"ನಾಳೆಯಿಂದ ನೀವು ಕೆಲಸಗಾರರಾ?"

ನಿಮ್ಮ ಹಿಂದಿದ್ದವಳು, "ಸೋತ್ಬುಟ್ಟೆ ಕಣಕ್ಕೋ, ಕೊಟ್ ಬಾ, ಬಸ್ ಓಯ್ತದೆ" ಎಂದಳು. ನೀವು ಕಾರ್ಡು ಇಟ್ಟಿರಿ. ನಿಮ್ಮದೇ ಟ್ರಿಮ್ಮರಿನಿಂದ ಅದರ ಮೂಲೆ ಕತ್ತರಿಸಿದೆ. ಆಮೇಲಿನವರು ನಾನು ಕೇಳುವ ಮೊದಲೇ ತಂದಿಟ್ಟರು.

ಮೂಲೆ ಕತ್ತರಿಸಿದರೆ ಏನೂ ಆಗುವುದಿಲ್ಲ, ಸಾಕಮ್ಮ. ನಂಬರು ಆಸ್ಪತ್ರೆಯ ಕಂಪ್ಯೂಟರಿನಲ್ಲಿರುತ್ತದೆ. ಬರಿಗೈಯಲ್ಲಿ ಹೋಗಿ ಹೆಸರು ಹೇಳಿದ್ದರೂ — ನೀವು ಹೋಗಲಿಲ್ಲ. ಅಷ್ಟು ಚೆನ್ನಾಗಿ ವಾದಿಸಿದ್ದೆ ನಾನು.

ಅದೇ ವರ್ಷ ಜೂನ್ ಮೊದಲ ವಾರ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಪಕ್ಕದಲ್ಲಿ ನಿಮ್ಮ ಮಗಳು ಪವಿತ್ರ, ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಇದ್ದ ಮಾತ್ರೆಗಳನ್ನು ಅರ್ಧರ್ಧ ಮುರಿದು ಕೊಟ್ಟಿರಂತೆ. ಅವೂ ಮುಗಿದ ಮೇಲೆ ಬಚ್ಚಲೊಲೆಗೆ ಸೌದೆ ಹಾಕುವಾಗ ಫಿಟ್ಸ್ ಬಂದು ಬೆಂಕಿಯ ಮೇಲೆ ಬಿದ್ದಳಂತೆ. ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ, ಬೇಗ ಆಪರೇಶನ್ ಮಾಡಿಸಬೇಕಂತೆ, ಅದು ನಮ್ಮ ಕೈಲಾಗದ ಮಾತು ಎಂದಿರಿ. ಆಮೇಲೆ, ನನ್ನ ಮುಖ ನೋಡಿ:

"ನೀವ್ ಅವತ್ತು ಬಿಡ್ಸಿ ಯೋಳಿದ್ದು ಒಳ್ಳೇದಾಯ್ತು ಮೇಡಂ. ಇಲ್ಲಾಂದ್ರೆ ಸತ್ತೋಗಿರೋ ಕಾರ್ಡ್ ಇಡ್ಕಂಡ್ ಓಗಿ ಆಸ್ಪತ್ರೇಲಿ ಮಾನ ಕಳ್ಕಂತಿದ್ದೆ."

ಕಾರ್ಡಿನ ಅವಧಿ ಮುಗಿಯಲು ಇನ್ನೂ ಮೂರು ವಾರ ಇತ್ತು; ಆಪರೇಶನ್ನೂ ಅದರಲ್ಲೇ ಆಗುತ್ತಿತ್ತು. ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಆ ಬೆರಳುಗಳು — ಬಾಯಿ ಬಿಟ್ಟರೆ ನಾನು ಸೋತಂತೆ. "ಪರವಾಗಿಲ್ಲ, ಹುಷಾರಾಗಿ ನೋಡ್ಕೊಳಿ" ಎಂದೆ. ಬಸ್ಸು ಹತ್ತಿದೆ. ಪವಿತ್ರ ಎಡಗೈ ಬೀಸಿದಳು.

ದೇವರು ಕ್ಷಮಿಸುತ್ತಾನೆ ಎಂಬುದನ್ನು ನಾನು ನಂಬುವುದಿಲ್ಲ. ಆ ಸುಲಭದ ದಾರಿ ನನಗಿಲ್ಲ. ಅವತ್ತು ಸಾಲಿನಲ್ಲಿದ್ದವರ ಮನೆಗಳಿಗೆ, ಹೊಳೆನರಸೀಪುರ, ಅರಕಲಗೂಡು ಕಡೆಗೂ, ಹೋಗಬೇಕು. ಮೊದಲು ನಿಮ್ಮಲ್ಲಿಗೆ. ಭಾನುವಾರ ಬಾಗೂರಿಗೆ ಬರುತ್ತೇನೆ. ಪವಿತ್ರಳ ಮುಂದೆ ಕೂರಿಸಿ ನನ್ನನ್ನು ಕೇಳಿ: ಗೊತ್ತಿತ್ತೋ, ಇಲ್ಲವೋ?

ವಾದಿಸುವುದಿಲ್ಲ. ಹೌದು ಎನ್ನುತ್ತೇನೆ. ಅಷ್ಟೇ.