ವಿಸ್ಟಿನ್ ಮೂರು ಸಲ ಬೇಡವೆಂದ ಮರ

ಸೇಂಟ್ ಆಲ್ಬನ್ಸ್‌ನ ಆ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಮರವಿತ್ತು, ವಿಸ್ಟಿನ್ ಸಮ್ಮುತನ ಮನೆ ಮುಂದೆ ಮಾತ್ರ ಇರಲಿಲ್ಲ. ನಗರಸಭೆಯವರು ಮೂರು ಸಲ ಕೇಳಿದ್ದರು. ಮೂರು ಸಲವೂ ಆತ ಅವರ ಕಾಗದದ ಮೇಲೆ ‘ಬೇಡ’ ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು ಕಳಿಸಿದ್ದ.

ಕಾರಣವಿಲ್ಲದೆ ಬೇಡ ಅಂದವನಲ್ಲ. ಹದಿನೇಳನೆಯ ವಯಸ್ಸಿಗೆ ಮಾಲ್ಟಾದಿಂದ ಹಡಗಿನಲ್ಲಿ ಬಂದಿಳಿದ ಮೇಲೆ ನಲವತ್ತು ವರ್ಷ ಆತ ಮಾಡಿದ್ದು ಒಂದೇ ಕೆಲಸ: ಕಟ್ಟಿಕೊಂಡ ಚರಂಡಿ ಪೈಪು ಬಿಡಿಸುವುದು. ಹಳೆಯ ಮಣ್ಣಿನ ಪೈಪಿನ ಸಂದಿಯಲ್ಲಿ ಕೂದಲೆಳೆಯಷ್ಟು ಬೇರು ನುಸುಳಿದರೆ ಸಾಕು, ಒಳಗೊಳಗೇ ಬೆಳೆದು ಕುದುರೆಬಾಲವಾಗುತ್ತದೆ. ಒಂದು ದಿನ ಕಕ್ಕಸಿನ ನೀರೆಲ್ಲ ಮೇಲಕ್ಕೆ ಬರುತ್ತದೆ. ಹಾಗೆ ಎಳೆದು ತೆಗೆದ, ತನ್ನ ಎತ್ತರಕ್ಕಿಂತ ಉದ್ದದ ಬೇರೊಂದನ್ನು ವಿಸ್ಟಿನ್ ಶೆಡ್ಡಿನಲ್ಲಿ ಮೊಳೆಗೆ ತೂಗುಹಾಕಿದ್ದ. ಬಂದವರಿಗೆಲ್ಲ ತೋರಿಸುವುದು. “ನೋಡಿ ನಿಮ್ ಮುದ್ದಿನ ಮರದ ಕೆಲಸ! ಮೇಲೆ ನಿಂತ್ಕೊಂಡು ನೆರಳು ಕೊಡ್ತದೆ, ಕೆಳಗಿಂದ ಪೈಪು ತಿಂತದೆ.”

ಬಸ್ ನಿಲ್ಲುವ ಕಂಬ ಇದ್ದದ್ದು ಸರಿಯಾಗಿ ಆತನ ಮನೆಯ ಮುಂದೆ. ಸೂರಿಲ್ಲ, ಬೆಂಚಿಲ್ಲ. ಹೆಂಡತಿ ಚೆಟ್ಟಾ ಪ್ರತಿ ಗುರುವಾರ ಹತ್ತು ಗಂಟೆಯ ಬಸ್ಸಿಗೆ ತಂಗಿಯ ಮನೆಗೆ ಹೋಗುವವಳು. ಕಳೆದ ಜನವರಿಯಲ್ಲಿ, ಅಂದರೆ ಭೂಮಿಯ ಆ ಬದಿಯ ನಡುಬೇಸಿಗೆಯಲ್ಲಿ, ಬೆಳಿಗ್ಗೆಯೇ ಮೂವತ್ತೆಂಟು ಡಿಗ್ರಿ ಬಿಸಿಲು, ಬಸ್ಸು ತಡ. ಅವಳು ಕಂಬ ಹಿಡಿದುಕೊಂಡೇ ಕುಸಿದಳು. ಆಸ್ಪತ್ರೆಯಿಂದ ಬಂದವಳು ಹೇಳಿದ್ದು ಇಷ್ಟೇ: “ಬೀದಿ ಪೂರ್ತಿ ನೆರಳು. ನಾನು ನಿಲ್ಲೋ ಜಾಗ ಒಂದ್ ಬಿಟ್ಟು.” ಆಮೇಲೆ ಬೇಸಿಗೆ ಮುಗಿಯುವವರೆಗೂ ಮನೆಯಿಂದ ಹೊರಬೀಳಲಿಲ್ಲ.

ಈ ಸಲ ನಗರಸಭೆಗೆ ತಾನಾಗಿಯೇ ಫೋನು ಮಾಡಿ ಮರ ಕೇಳಿದವನು ವಿಸ್ಟಿನ್. ಚಳಿ ಶುರುವಾಗುವ ಮೇ ತಿಂಗಳಲ್ಲಿ ಗಿಡ ಬಂತು. ಹೂವಿಗೆಂದೇ ಬೆಳೆಸುವ ಪೇರ್, ಅಂದರೆ ಮರಸೇಬಿನ ಜಾತಿ. ಆಳೆತ್ತರ ಮೀರಿದ್ದರೂ ಕಾಂಡ ಮಣಿಕಟ್ಟಿನಷ್ಟೇ ದಪ್ಪ. ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲುಪಟ್ಟಿಯಲ್ಲಿ ನೆಟ್ಟು ಹೋದರು. ಆ ಪಟ್ಟಿ ನಗರಸಭೆಯದು, ಹುಲ್ಲು ಸವರುವ ಕೆಲಸ ಮಾತ್ರ ಮನೆಯವರದು.

ವಿಸ್ಟಿನ್‌ನ ಕೈ ಸುಮ್ಮನಿರುವ ಕೈಯಲ್ಲ. ದಿನಕ್ಕೆ ಏಳು ಸಲ ಹೋಗಿ ಗಿಡ ನೋಡುವುದು, ಅದಕ್ಕೆ ಆಸರೆಯಾಗಿ ನೆಟ್ಟ ಗೂಟ ಅಲ್ಲಾಡಿಸುವುದು, ಎಲೆಯೇ ಇಲ್ಲದ ಕಡ್ಡಿಗಳನ್ನು ಎಣಿಸುವುದು. ಏನೂ ತೋಚದಿದ್ದರೆ, ನೈಲಾನ್ ದಾರ ಗಿರಗಿರನೆ ತಿರುಗಿ ಹುಲ್ಲು ಸವರುವ ಯಂತ್ರ ತಂದು ಬುಡದ ಸುತ್ತ ಒಂದು ಸುತ್ತು. ನಾಳಿದ್ದು ಮತ್ತೊಂದು ಸುತ್ತು.

ಆಗಸ್ಟ್ ಕೊನೆಗೆ ನಗರಸಭೆಯ ಥುಯ್ ಎಂಬ ಹೆಣ್ಣುಮಗಳು ಗಿಡ ನೋಡಲು ಬಂದಳು. ಬುಡದಲ್ಲಿ ಮಂಡಿಯೂರಿದವಳು ಏಳಲೇ ಇಲ್ಲ.

“ಇದನ್ನ ಸವರಿದ್ದು ಯಾರು?”

“ನಾನೇ. ಒಂದೆಳೆ ಹುಲ್ಲಿದ್ರೆ ತೋರ್ಸಿ!”

“ಹುಲ್ಲೂ ಇಲ್ಲ, ತೊಗಟೆನೂ ಇಲ್ಲ. ಸುತ್ತ ಬಳೆ ಹಾಗೆ ಕಿತ್ತುಹೋಗಿದೆ. ಎಲೆ ಮಾಡಿದ ಊಟ ಬೇರಿಗೆ ಇಳಿಯೋದೇ ತೊಗಟೆಯಿಂದ. ಡಿಸೆಂಬರ್‌ಗೆ ಒಣಗತ್ತೆ ಇದು.”

“ಇನ್ನೊಂದು ನೆಟ್ಟುಬಿಡಿ.”

“ಮರಕ್ಕೆ ಕಾಯೋರ ಪಟ್ಟಿ ಉದ್ದ ಇದೆ. ಮೂರು ವರ್ಷ ಆಗ್ಬಹುದು.”

ಚೆಟ್ಟಾಗೆ ಎಪ್ಪತ್ತೊಂಬತ್ತು. ಮೂರು ಬೇಸಿಗೆ ಅವಳು ಕಿಟಕಿಯ ಹಿಂದೆ ಕೂರಬೇಕೇ? ವಿಸ್ಟಿನ್ ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ ತಿರುಗಿದ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆಂದು ಗೊತ್ತಿಲ್ಲ. ಹೆಂಡತಿಗೆ ಹೇಳದೆ ಮುಚ್ಚಿಡೋಣವೆಂದರೆ ಅವಳು ಆಗಲೇ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ನಲವತ್ತು ವರ್ಷ ಕೆಳಗಿಂದ ಕುಯ್ದೆ. ಸಾಲ್ದು ಅಂತ ಈಗ ಮೇಲಿಂದ ಶುರು ಮಾಡ್ದೆ,” ಎಂದಳು.

ಅದನ್ನು ಕೇಳಿ ಬೇಲಿಯಾಚೆಯ ತ್ರಯಾಂಕಾ ನಕ್ಕಳು. ಮ್ಯಾಸಿಡೋನಿಯಾದ ಮುದುಕಿ, ಹಿತ್ತಿಲಿನ ಒಂದೇ ಪೇರ್ ಮರಕ್ಕೆ ನಾಲ್ಕು ಬಗೆಯ ಕಸಿ ಕಟ್ಟಿದವಳು. ಬಂದು ಗಾಯದ ಮೇಲೆ ಬೆರಳಾಡಿಸಿದಳು.

“ದಾರಿ ಕಟ್ಟಿದೆ, ಅಷ್ಟೇ ತಾನೆ? ಬಳಸುದಾರಿ ಹಾಕು. ಪೈಪಿನೋನು ನೀನು, ನಿಂಗೆ ನಾನು ಹೇಳ್ಕೊಡ್ಬೇಕಾ?”

ಚಳಿಗಾಲದಲ್ಲಿ ಕತ್ತರಿಸಿದ ಪೇರ್ ಕಡ್ಡಿಗಳು ಅವಳ ಫ್ರಿಜ್ಜಿನಲ್ಲಿ, ಚೀಸಿನ ಪಕ್ಕ, ಒದ್ದೆ ಪತ್ರಿಕೆಯಲ್ಲಿ ಸುತ್ತಿಕೊಂಡು ಮಲಗಿದ್ದವು. ಥುಯ್‌ಗೆ ಫೋನು ಮಾಡಿದರೆ, “ಹೇಗೂ ಸಾಯೋ ಗಿಡ, ಮಾಡಿ ನೋಡಿ,” ಎಂದಳು. ನಾಲ್ಕು ಕಡ್ಡಿ. ಒಂದೊಂದರ ಒಂದು ತುದಿ ಗಾಯದ ಕೆಳಗಿನ ತೊಗಟೆಯೊಳಗೆ, ಇನ್ನೊಂದು ಮೇಲಿನ ತೊಗಟೆಯೊಳಗೆ. ಒಡೆದ ಪೈಪಿಗೆ ಪಕ್ಕದಲ್ಲಿ ಸಣ್ಣ ಪೈಪು ಕೂರಿಸಿದ ಹಾಗೇ. ಲೆಕ್ಕವಿಲ್ಲದಷ್ಟು ಪೈಪು ಜೋಡಿಸಿದವನು ಈಗ ಉಸಿರು ಬಿಗಿಹಿಡಿದು ಒಂದೊಂದೇ ಕಡ್ಡಿ ಕೂರಿಸಿದ.

“ಉಸಿರು ಬಿಡೋ ಮುದುಕ,” ಎಂದಳು ತ್ರಯಾಂಕಾ. “ನೀನು ಮೊದಲು ಸಾಯ್ತೀಯ.”

ಮೇಣ ಹಚ್ಚಿ, ಪಟ್ಟಿ ಸುತ್ತಿ, ಅವಳು ಹುಲ್ಲಿನ ಯಂತ್ರವನ್ನು ಬಗಲಿಗೆ ಏರಿಸಿಕೊಂಡಳು. “ಇದು ನನ್ ಹತ್ರ ಇರ್ಲಿ. ಆರು ವಾರ ಗಿಡ ಮುಟ್ಟಿದ್ರೆ ಬೆರಳು ಮುರೀತೀನಿ.”

ಆ ಆರು ವಾರ! ಹುಲ್ಲು ಮೊಣಕಾಲಿಗೆ ಬಂತು. ವಿಸ್ಟಿನ್ ಜೇಬಿನಲ್ಲಿ ಕೈ ತುರುಕಿಕೊಂಡು ಕಂಬದ ಬಳಿ ನಿಲ್ಲುತ್ತಿದ್ದ. ಬಸ್ಸಿನವರು ಹತ್ತುವವನೆಂದು ನಿಲ್ಲಿಸಿ, ಬೈದುಕೊಂಡು ಹೋಗುತ್ತಿದ್ದರು. ಕೈಗೊಂದು ಕೆಲಸವಿರಲೆಂದು ಚೆಟ್ಟಾ ಹಸಿ ಬೀನ್ಸ್ ಬಿಡಿಸಲು ಕೊಟ್ಟಳು. ಕಣ್ಣು ಕಿಟಕಿಯಲ್ಲಿಟ್ಟು ಬಿಡಿಸಿದವನು ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸಕ್ಕೆ ಹಾಕಿದ. ಗಿಡ ಚಿಗುರಿತು. ಚಿಗುರಿದ್ದನ್ನು ನಂಬಬೇಡ, ಅದು ಗಿಡ ಮೊದಲೇ ಕೂಡಿಟ್ಟುಕೊಂಡ ಗಂಟಿನ ಊಟ ಎಂದಿದ್ದಳು ತ್ರಯಾಂಕಾ. ಹೀಗಾಗಿ ಚಿಗುರಿದ ಸಂತೋಷವೂ ಆತನಿಗೆ ಆಗಲಿಲ್ಲ. ಒಂದು ಕಡ್ಡಿ ಒಣಗಿತು. ಮೂರು ಉಳಿದವು.

ಡಿಸೆಂಬರ್ ಬಂತು. ಎಲೆ ಬಾಡಲಿಲ್ಲ. ಕಡ್ಡಿಗಳು ಹೆಬ್ಬೆರಳಿನಷ್ಟು ದಪ್ಪವಾಗಿದ್ದವು.

ಮೊದಲ ಬಿಸಿ ಗುರುವಾರ ಚೆಟ್ಟಾ ಟೊಪ್ಪಿಗೆ ಹಾಕಿಕೊಂಡು ಹೊರಬಂದಳು. ಬಂದು ನೋಡಿದರೆ, ಹತ್ತು ಗಂಟೆಯ ನೆರಳು ಕಂಬದ ಹತ್ತಿರ ಇಲ್ಲವೇ ಇಲ್ಲ! ಕಾಲುದಾರಿ ದಾಟಿ ಅವರದೇ ಗೇಟಿನ ಒಳಗೆ ಬಿದ್ದಿದೆ, ಚಾಪೆಯಷ್ಟು.

ವಿಸ್ಟಿನ್‌ನ ಮುಖ ಇಳಿಯಿತು. “ಇಷ್ಟೆಲ್ಲ ಮಾಡಿ...”

“ಕುರ್ಚಿ ತಾ,” ಎಂದಳು ಚೆಟ್ಟಾ.

ಗೇಟಿನೊಳಗೆ ನೆರಳಿನಲ್ಲಿ ಅವಳು ಕೂತಳು. “ನಾನು ಇಲ್ಲಿರ್ತೀನಿ. ನೀನು ಹೆಂಗೂ ಒಂದ್ ಕಡೆ ಕೂರೋನಲ್ಲ. ಅಲ್ಲಿ ನಿಂತು ಬಸ್ಸಿಗೆ ಕೈ ತೋರ್ಸು.”

ಅಂದಿನಿಂದ ಪ್ರತಿ ಗುರುವಾರ ವಿಸ್ಟಿನ್ ಬಿಸಿಲಿನಲ್ಲಿ ಕಂಬದ ಸುತ್ತ ಶತಪಥ ಹಾಕುತ್ತಾನೆ. ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಎರಡೂ ಕೈ ಎತ್ತಿ ಬೀಸುತ್ತಾನೆ. ಚೆಟ್ಟಾ ಆಮೇಲೆ ನಿಧಾನವಾಗಿ ಏಳುತ್ತಾಳೆ.